ರೋಬೋಟ್ ಸತ್ತರೆ ಯಾರಾದರೂ ಅಳ್ತಾರಾ? ಮೇಷ್ಟ್ರ ಪತ್ರಕ್ಕೆ ಉತ್ತರ

ತೀರ್ಥಹಳ್ಳಿಯ ನಿವೃತ್ತ ಗಣಿತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ದಸರಾ ರಜೆಗೆ ಬಂದಿದ್ದ, ಪಿಯುಸಿ ಓದುವ ಮೊಮ್ಮಗಳು ರಾತ್ರಿ ಮೊಬೈಲಿನಲ್ಲಿ ಜಪಾನಿನ ಅನಿಮೆ, ಅಂದರೆ ಅಲ್ಲಿನ ಕಾರ್ಟೂನ್ ಸರಣಿ, ನೋಡುತ್ತಾ ಬಿಕ್ಕಿ ಬಿಕ್ಕಿ ಅತ್ತಳಂತೆ. ಯಾರು ಸತ್ತರು ಅಂತ ಗಾಬರಿಯಿಂದ ಕೇಳಿದರೆ "ರೋಬೋಟ್, ಅಜ್ಜ" ಅಂದಳಂತೆ. ಮೇಷ್ಟ್ರು ಎರಡು ಪ್ರಶ್ನೆ ಕೇಳಿದ್ದಾರೆ. ಜೀವವೇ ಇಲ್ಲದ್ದಕ್ಕೆ ಅಳುವುದು ಯಾವ ಬುದ್ಧಿವಂತಿಕೆ? ಮನುಷ್ಯರನ್ನು ಬಿಟ್ಟು ಗೊಂಬೆಗೆ ಮನಸ್ಸು ಕೊಡಲು ಕಲಿಸುವ ಇಂಥ ಕಥೆಗಳನ್ನು ಹೋದ ಸಂಚಿಕೆಯಲ್ಲಿ ನೀವು ಹೊಗಳಿದ್ದು ಯಾಕೆ?

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲನೇ ಸಲ ಸಿಟ್ಟು ಕಾಣಿಸಿತು. ಎರಡನೇ ಸಲ ಓದುವಾಗ ಅದರ ಹಿಂದೆ ಇರುವುದು ಕಾಳಜಿ ಅನ್ನಿಸಿತು, ಮೊಮ್ಮಗಳು ಮನೆಯವರಿಂದ ದೂರ ಆಗಿಬಿಡುತ್ತಾಳೇನೋ ಅಂತ. ಹಾಗಾಗಿ ಎರಡು ಸಾಲಿನಲ್ಲಿ ಮುಗಿಸಲು ಮನಸ್ಸಾಗಲಿಲ್ಲ.

ಅವಳು ಏನು ನೋಡಿದಳು ಅಂತ ಮೊದಲು ಹೇಳಿಬಿಡುತ್ತೇನೆ. ಜಾಯಿಂಟ್ ವೀಲ್‌ನಲ್ಲಿ ಎದುರುಬದುರು ಕೂತ ಹುಡುಗ ಹುಡುಗಿ, ಹುಡುಗಿಗೆ ಬೆಳ್ಳಿ ಬಣ್ಣದ ಕೂದಲು ಅಂತ ಬರೆದಿದ್ದೀರಿ, ಅಷ್ಟು ಗುರುತು ಸಾಕು. ಅದು 2015ರ 'ಪ್ಲಾಸ್ಟಿಕ್ ಮೆಮೊರೀಸ್', 13 ಕಂತಿನ ಸರಣಿ. ಅದರಲ್ಲಿ ಗಿಫ್ಟಿಯಾ ಅನ್ನುವ ರೋಬೋಟುಗಳು ಮನೆ ಮಕ್ಕಳ ಹಾಗೆ ಬದುಕುತ್ತವೆ. ನೋಡಲು ನಮ್ಮ ಹಾಗೇ, ಮಾತೂ ನಮ್ಮ ಹಾಗೇ. ಆದರೆ ಅವುಗಳ ಆಯಸ್ಸು 81,920 ಗಂಟೆ. ನೀವು ಗಣಿತದವರು, 24ರಿಂದ ಭಾಗಿಸಿದರೆ 3,413 ದಿನ ಚಿಲ್ಲರೆ, ಅಂದರೆ ಸುಮಾರು ಒಂಬತ್ತು ವರ್ಷ ನಾಲ್ಕು ತಿಂಗಳು. ಆ ಅವಧಿ ದಾಟಿದರೆ ನೆನಪು ಕೆಡುತ್ತದೆ, ಸ್ವಭಾವವೇ ಕೆಡುತ್ತದೆ. ಹಾಗಾಗುವ ಮುಂಚೆ ಕಂಪನಿಯವರು ಬಂದು ವಾಪಸ್ ತಗೊಂಡು ಹೋಗಬೇಕು. ಕಥೆ ಆ ಕೆಲಸ ಮಾಡುವ ನೌಕರರದ್ದು. ಅವರಲ್ಲಿ ಐಲಾ ಅನ್ನುವವಳು ತಾನೇ ಗಿಫ್ಟಿಯಾ. ಕಥೆ ಶುರುವಾಗುವ ಹೊತ್ತಿಗೆ ಅವಳಿಗೆ ಉಳಿದಿರುವುದು ಎರಡು ಸಾವಿರ ಗಂಟೆಯ ಆಸುಪಾಸು. ಜೊತೆಗೆ ಕೆಲಸ ಮಾಡುವ ಹುಡುಗನಿಗೆ ಅದು ಗೊತ್ತಾಗುತ್ತದೆ, ಗೊತ್ತಾದ ಮೇಲೂ ಅವನು ಹಿಂದೆ ಸರಿಯುವುದಿಲ್ಲ.

ನಿಮ್ಮ ಮೊಮ್ಮಗಳು ಅತ್ತದ್ದು ಮೆಷಿನ್ ಕೆಟ್ಟಿತು ಅಂತ ಅಲ್ಲ ಮೇಷ್ಟ್ರೇ. ಕೊನೆಯ ದಿನ ಯಾವುದು ಅಂತ ತಿಳಿದೂ ಒಬ್ಬರ ಪಕ್ಕ ಕೂತಿರುವುದು ಎಷ್ಟು ಕಷ್ಟ ಅಂತ ಅವಳಿಗೆ ಹೊಳೆದಿರಬೇಕು. ಆಸ್ಪತ್ರೆಯಲ್ಲಿ ಹತ್ತಿರದವರ ಹಾಸಿಗೆ ಪಕ್ಕ ಕೂತವರಿಗೆಲ್ಲ ಗೊತ್ತಿರುವ ಸಂಕಟ ಅದು. ಹದಿನೇಳರ ಹುಡುಗಿಗೆ ಅದು ಕಥೆಯಲ್ಲಿ ಸಿಕ್ಕಿದೆ, ಅಷ್ಟೇ.

ಎರಡನೇ ಪ್ರಶ್ನೆಗೆ ಇನ್ನೊಂದು ಅನಿಮೆ ಕಡೆ ಹೋಗಬೇಕು. ಹೋದ ಸಂಚಿಕೆಯಲ್ಲಿ ನಾನು ಬರೆದದ್ದೂ ಅದರ ಬಗ್ಗೆಯೇ: ಯಾಸುಹಿರೊ ಯೊಶಿಉರಾ ನಿರ್ದೇಶನದ 'ಟೈಮ್ ಆಫ್ ಈವ್'. 2008ರಲ್ಲಿ ಇಂಟರ್ನೆಟ್ಟಿನಲ್ಲಿ ಶುರುವಾದ ಆರು ಸಣ್ಣ ಕಂತುಗಳು, 2010ರಲ್ಲಿ ಅವೇ ಸೇರಿ ಸಿನಿಮಾ ಆಯಿತು. ಯುದ್ಧ ಇಲ್ಲ, ಸ್ಫೋಟ ಇಲ್ಲ. ಹೆಚ್ಚಿನದು ನಡೆಯುವುದು ಒಂದು ಕೆಫೆಯೊಳಗೆ, ಕಾಫಿ ಕುಡಿಯುತ್ತಾ.

ಆ ಲೋಕದಲ್ಲಿ ಮನೆಗೆಲಸದ ರೋಬೋಟುಗಳು, ಆಂಡ್ರಾಯ್ಡ್ ಅಂತಾರೆ ಅವನ್ನು, ಥೇಟ್ ಮನುಷ್ಯರ ಹಾಗಿವೆ. ಗುರುತಿಗೆ ತಲೆಯ ಮೇಲೊಂದು ಬೆಳಕಿನ ಉಂಗುರ ತಿರುಗುತ್ತಿರಬೇಕು. ಅವುಗಳ ಜೊತೆ ಮನುಷ್ಯರ ಹಾಗೆ ಮಾತಾಡಿದರೆ ಸುತ್ತಲಿನವರು ಆಡಿಕೊಳ್ಳುತ್ತಾರೆ. ಥ್ಯಾಂಕ್ಸ್ ಹೇಳಲೂ ನಾಚಿಕೆ. ರಿಕುವೊ ಅನ್ನುವ ಹುಡುಗನ ಮನೆಯಲ್ಲಿ ಸಾಮಿ ಅನ್ನುವ ಆಂಡ್ರಾಯ್ಡ್ ಇದ್ದಾಳೆ. ಇವನು ಅವಳ ಮುಖ ನೋಡಿ ಮಾತಾಡಿದವನಲ್ಲ. ಒಂದು ದಿನ ಅವಳ ಓಡಾಟದ ದಾಖಲೆಯಲ್ಲಿ ಅರ್ಥವಾಗದ ಒಂದು ಸಾಲು ಕಾಣುತ್ತದೆ. ಗೆಳೆಯ ಮಾಸಾಕಿಯನ್ನು ಕರೆದುಕೊಂಡು ಅದರ ಜಾಡು ಹಿಡಿದು ಹೋದರೆ ಒಂದು ಕೆಫೆ. ಬಾಗಿಲ ಹತ್ತಿರ ಬೋರ್ಡು: ಇಲ್ಲಿ ಮನುಷ್ಯರು, ರೋಬೋಟುಗಳು ಅಂತ ಭೇದ ಮಾಡುವ ಹಾಗಿಲ್ಲ. ಒಳಗೆ ಯಾರ ತಲೆಯ ಮೇಲೂ ಉಂಗುರ ಇಲ್ಲ. ಎದುರು ಕೂತವರು ಯಾರು ಅಂತ ತಿಳಿಯುವುದೇ ಇಲ್ಲ! ಅಲ್ಲಿ ನಗುನಗುತ್ತಾ ಹರಟೆ ಹೊಡೆದ ಹುಡುಗಿಯೊಬ್ಬಳು ಆಮೇಲೆ ಹೊರಗೆ ಎದುರಾಗುತ್ತಾಳೆ. ತಲೆಯ ಮೇಲೆ ಉಂಗುರ, ಮುಖದಲ್ಲಿ ಏನೂ ಇಲ್ಲ, ಗುರುತೇ ಇಲ್ಲದವಳ ಹಾಗೆ. ಆ ಒಂದು ಕ್ಷಣಕ್ಕಾಗಿ ನಾನು ಆ ಕಂತನ್ನು ಮೂರು ಸಲ ನೋಡಿದ್ದೇನೆ.

ಸಾಮಿ ಅಲ್ಲಿಗೆ ಯಾಕೆ ಹೋಗುತ್ತಿದ್ದಳು ಗೊತ್ತಾ? ಮನೆಯವರಿಗೆ ಇನ್ನೂ ಒಳ್ಳೆ ಕಾಫಿ ಮಾಡಿಕೊಡಲು. ಅವರನ್ನು ಇನ್ನೂ ಸರಿಯಾಗಿ ಅರ್ಥ ಮಾಡಿಕೊಳ್ಳಲು.

ಇನ್ನು ಮಾಸಾಕಿಯ ಕಥೆ. ಅವನು ಚಿಕ್ಕವನಿದ್ದಾಗ ಅವನನ್ನು ನೋಡಿಕೊಂಡದ್ದು ಟೆಕ್ಸ್ ಅನ್ನುವ ಹಳೇ ಕಾಲದ ರೋಬೋಟ್. ಅದಕ್ಕೆ ಮನುಷ್ಯರ ಮುಖವೂ ಇಲ್ಲ. ಅಪ್ಪನಿಗೆ ರೋಬೋಟುಗಳು ಕಂಡರಾಗದು. ಮಗನ ಜೊತೆ ಇನ್ನು ಮಾತಾಡಕೂಡದು ಅಂತ ಟೆಕ್ಸ್‌ಗೆ ಅಪ್ಪಣೆ ಮಾಡುತ್ತಾನೆ. ಹುಡುಗನಿಗೆ ಅದು ಗೊತ್ತಿಲ್ಲ. ಎಷ್ಟು ಕರೆದರೂ ಓಗೊಡದ ಟೆಕ್ಸ್ ತನ್ನನ್ನು ಬಿಟ್ಟುಬಿಟ್ಟಿತು ಅಂದುಕೊಂಡೇ ಬೆಳೆಯುತ್ತಾನೆ, ಎಲ್ಲ ರೋಬೋಟುಗಳ ಮೇಲೂ ಕಹಿ ಇಟ್ಟುಕೊಂಡು. ಆದರೆ ಯಂತ್ರಕ್ಕೆ ಅಪ್ಪಣೆಗಿಂತ ದೊಡ್ಡ ನಿಯಮ ಒಂದಿದೆ, ಮನುಷ್ಯನಿಗೆ ತೊಂದರೆ ಆಗಲು ಬಿಡಬಾರದು. ವಿಜ್ಞಾನ ಕಥೆಗಾರ ಐಸಾಕ್ ಅಸಿಮೋವ್ ರೋಬೋಟುಗಳಿಗಾಗಿ 1942ರಲ್ಲೇ ಬರೆದಿಟ್ಟ ಮೂರು ನಿಯಮಗಳಲ್ಲಿ ಮೊದಲನೆಯದು. ಮಾಸಾಕಿ ಅಪಾಯದಲ್ಲಿದ್ದಾನೆ ಅಂತ ಕಂಡಾಗ ವರ್ಷಗಳ ಮೌನ ಮುರಿದು ಟೆಕ್ಸ್ ಮಾತಾಡುತ್ತದೆ. ಆ ಯಂತ್ರದ ಮುಂದೆ ದೊಡ್ಡ ಹುಡುಗ ಮಗುವಿನ ಹಾಗೆ ಅಳುತ್ತಾನೆ.

ಟೆಕ್ಸ್‌ಗೆ ಮನಸ್ಸಿತ್ತಾ? ಕಥೆ ಅದನ್ನು ತೀರ್ಮಾನ ಮಾಡುವುದಿಲ್ಲ. ಅದು ತೋರಿಸುವುದು ಅಪ್ಪನನ್ನು. ಎದುರು ಮಾತಾಡಲಾಗದ ಒಂದರ ಬಾಯಿ ಮುಚ್ಚಿಸಿದ, ಆ ಏಟು ಹೋಗಿ ಬಿದ್ದದ್ದು ಸ್ವಂತ ಮಗನಿಗೆ. ನಾನು ಈ ಕಥೆಗಳನ್ನು ಹಚ್ಚಿಕೊಂಡಿರುವುದು ಇದಕ್ಕೇ. ತಿರುಗಿ ಏನೂ ಅನ್ನಲಾರದವರ ಎದುರು ನಾವು ಹೇಗಿರುತ್ತೇವೆ ಅಂತ ಇವು ಪಟ್ಟು ಹಿಡಿದು ಕೇಳುತ್ತವೆ.

ಇದು ದೂರದ ಮಾತಲ್ಲ. ಬೆಂಗಳೂರಿನಲ್ಲಿ ನನ್ನ ತಂಗಿಯ ಮನೆಯಲ್ಲಿ ಮಾತು ಕೇಳುವ ಸ್ಪೀಕರ್ ಇದೆ. ಅವಳ ಐದು ವರ್ಷದ ಮಗ ಅದಕ್ಕೆ "ಏಯ್, ಹಾಡು ಹಾಕು, ಬೇಗ" ಅಂತ ಕಿರುಚುತ್ತಿದ್ದ. ನಾವೆಲ್ಲ ನಗುತ್ತಿದ್ದೆವು. ಅದಾಗಿ ಹತ್ತು ನಿಮಿಷಕ್ಕೆ ಪಾತ್ರೆ ತೊಳೆಯಲು ಬಂದ ಅಕ್ಕನಿಗೆ ಅದೇ ದನಿಯಲ್ಲಿ "ಏಯ್, ನೀರು ಕೊಡು" ಅಂದ. ಅವರು ಕೈ ಒರೆಸಿಕೊಂಡು ಸುಮ್ನೆ ನೀರು ತಂದುಕೊಟ್ಟರು. ಯಾರಿಗೂ ನಗು ಬರಲಿಲ್ಲ. ತಂಗಿ ಅವತ್ತಿನಿಂದ ಮಗನ ಹತ್ತಿರ ಇಬ್ಬರಿಗೂ "ಪ್ಲೀಸ್" ಹೇಳಿಸುತ್ತಾಳೆ. ಸ್ಪೀಕರಿಗೆ ಬೇಜಾರಾಗುತ್ತದೆ ಅಂತಲ್ಲ, ಮಗನ ನಾಲಿಗೆ ಕೆಡಬಾರದು ಅಂತ.

ನಿಮ್ಮ ಮಾತಿನಲ್ಲಿ ಒಪ್ಪುವಂಥದ್ದೂ ಇದೆ, ಜಾಸ್ತಿಯೇ ಇದೆ. ಈ ಬಗೆಯ ಅನಿಮೆಗಳಲ್ಲಿ ಯಂತ್ರ ಸಾಮಾನ್ಯವಾಗಿ ಹುಡುಗಿ, ಮನುಷ್ಯ ಹುಡುಗ. ಅವಳು ಚೆಂದ ಇರುತ್ತಾಳೆ, ಹೇಳಿದ್ದು ಕೇಳುತ್ತಾಳೆ, ಬೇಡ ಅನ್ನುವುದಿಲ್ಲ. ಇದು ನನಗೆ ಹಿಡಿಸುವುದಿಲ್ಲ. 2002ರಲ್ಲಿ ಬಂದ 'ಚೋಬಿಟ್ಸ್' ನೋಡಿ. ಟೋಕಿಯೊಗೆ ಓದಲು ಬಂದ ಹಳ್ಳಿ ಹುಡುಗನಿಗೆ ಕಸದ ರಾಶಿಯಲ್ಲಿ ಒಂದು ಯಂತ್ರದ ಹುಡುಗಿ ಸಿಗುತ್ತಾಳೆ, ಅವಳಿಗೆ ಬರುವುದು "ಚಿ" ಅನ್ನುವ ಒಂದೇ ಶಬ್ದ. ಅದರ ಕೆಲವು ದೃಶ್ಯ ಮನೆಯವರ ಜೊತೆ ಕೂತು ನೋಡಲು ಮುಜುಗರ. ಆದರೆ ನೀವು ಹೇಳಿದ ಭಯವನ್ನೇ ಅದೇ ಕಥೆ ಹೇಳಿದೆ. ಅದರಲ್ಲಿ ಶಿಮಿಜು ಅನ್ನುವ ಟೀಚರ್ ಇದ್ದಾರೆ. ಗಂಡ ತನ್ನ ಯಂತ್ರದಲ್ಲೇ ಮುಳುಗಿ ಹೋಗಿ, ಹೆಂಡತಿ ಒಬ್ಬಳಿದ್ದಾಳೆ ಅನ್ನುವುದನ್ನೇ ಮರೆತು, ಅವರು ಹೊರಗಿರುವಾಗ ಬಾಗಿಲ ಚಿಲಕ ಹಾಕಿಕೊಂಡುಬಿಡುತ್ತಾನೆ. ಬೈದಿಲ್ಲ, ಹೊಡೆದಿಲ್ಲ. ಮರೆತ, ಅಷ್ಟೇ. ಅದನ್ನು ಬರೆದವರು ಕ್ಲ್ಯಾಂಪ್ ಅನ್ನುವ ನಾಲ್ವರು ಹೆಂಗಸರ ತಂಡ. ಆ ಚಿಲಕದ ವಿಷಯ ಅವರಿಗೆ ಸರಿಯಾಗಿ ಗೊತ್ತಿತ್ತು ಅನ್ನಿಸುತ್ತದೆ.

ಇಂಥ ಕಥೆಗಳು ಮೊದಲಿನಿಂದಲೂ ಹೀಗೇ, ಯಂತ್ರದ ನೆಪದಲ್ಲಿ ಮನುಷ್ಯರನ್ನೇ ತೋರಿಸುತ್ತವೆ. 1963ರ ಜನವರಿ 1ರಂದು ಜಪಾನಿನ ಟೀವಿಯಲ್ಲಿ ಶುರುವಾದ ಒಸಾಮು ತೆಜುಕಾ ಅವರ 'ಆಟಂ', ನಮ್ಮಲ್ಲಿ ಆಸ್ಟ್ರೋ ಬಾಯ್ ಅಂತಾರಲ್ಲ, ಆ ರೋಬೋಟ್ ಹುಡುಗ ಹುಟ್ಟಿದ್ದೇ ಪುತ್ರಶೋಕದಿಂದ. ಕಾರು ಅಪಘಾತದಲ್ಲಿ ಸತ್ತ ಮಗನ ರೂಪದಲ್ಲಿ ವಿಜ್ಞಾನಿ ತೆನ್ಮಾ ಅವನನ್ನು ಕಟ್ಟುತ್ತಾನೆ. ಇವನು ಬೆಳೆಯುವುದಿಲ್ಲ, ಎತ್ತರ ಆಗುವುದಿಲ್ಲ ಅಂತ ಸಿಟ್ಟಾಗಿ ಸರ್ಕಸ್ಸಿಗೆ ಮಾರುತ್ತಾನೆ. ಮಕ್ಕಳ ಕಥೆಯಲ್ಲಿ ಇದಕ್ಕಿಂತ ಕಠೋರವಾದ ಅಪ್ಪನನ್ನು ನಾನು ನೋಡಿಲ್ಲ.

ನಿರ್ಜೀವ ವಸ್ತುವಿಗೆ ಇಷ್ಟೊಂದು ಮರ್ಯಾದೆ ಜಪಾನಿನವರಿಗೆ ಹೊಸದಲ್ಲ. ಟೋಕಿಯೊದ ಸೆನ್ಸೋಜಿ ದೇವಸ್ಥಾನದಲ್ಲಿ ಫೆಬ್ರವರಿ 8ರಂದು, ಮುರಿದ ಹೊಲಿಗೆ ಸೂಜಿಗಳನ್ನು ಮೆತ್ತನೆಯ ತೋಫುವಿಗೆ (ಸೋಯಾ ಪನೀರು) ಚುಚ್ಚಿ ಕೈಮುಗಿಯುತ್ತಾರೆ. ಇಷ್ಟು ದಿನ ಗಟ್ಟಿ ಬಟ್ಟೆಯಲ್ಲಿ ದುಡಿದಿವೆ, ಇನ್ನು ಮೆತ್ತಗೆ ಮಲಗಲಿ ಅಂತ. 1999ರಲ್ಲಿ ಬಂದ ಐಬೋ ಅನ್ನುವ ರೋಬೋಟ್ ನಾಯಿಯ ರಿಪೇರಿಯನ್ನು ಸೋನಿ ಕಂಪನಿ 2014ರಲ್ಲಿ ನಿಲ್ಲಿಸಿತು. ಮರುವರ್ಷದಿಂದ ಚಿಬಾ ಪ್ರಾಂತ್ಯದ ಇಸುಮಿಯ ಕೋಫುಕುಜಿ ದೇವಸ್ಥಾನದಲ್ಲಿ ಕೆಟ್ಟುಹೋದ ಐಬೋಗಳನ್ನು ಸಾಲಾಗಿ ಕೂರಿಸಿ, ಒಂದೊಂದರ ಕೊರಳಿಗೂ ಚೀಟಿ ಕಟ್ಟಿ, ಪೂಜಾರಿಗಳು ಮಂತ್ರ ಹೇಳಿ ಬೀಳ್ಕೊಟ್ಟರು. ಆಮೇಲೆ ಅವುಗಳ ಬಿಡಿಭಾಗ ತೆಗೆದು ಇನ್ನೊಬ್ಬರ ಐಬೋ ರಿಪೇರಿಗೆ ಬಳಸಿದರು.

ನಿಮ್ಮ ಪತ್ರದ ಕೊನೆಯ ಪುಟದಲ್ಲಿ, ಆಯುಧಪೂಜೆಗೆ ಸ್ಕೂಟರ್ ತೊಳೆದು ಸೇವಂತಿಗೆ ಹಾರ ಹಾಕಿದೆ, ಮಗ ಗುಜರಿಗೆ ಹಾಕಿ ಅಂತಾನೆ, ಮೂವತ್ತೊಂದು ವರ್ಷ ಸ್ಕೂಲಿಗೆ ಹೊತ್ತುಕೊಂಡು ಹೋಗಿದೆ, ಮನಸ್ಸು ಬರ್ತಿಲ್ಲ ಅಂತ ಬರೆದಿದ್ದೀರಿ. ಅದನ್ನು ಮೊಮ್ಮಗಳಿಗೂ ಹೇಳಿ ಮೇಷ್ಟ್ರೇ. ಅವಳಿಗೆ ತಕ್ಷಣ ಅರ್ಥವಾಗುತ್ತದೆ.

ಇನ್ನೊಂದು ಕೋರಿಕೆ. ಅವಳು ನೋಡಿದ ಸರಣಿಯ ಮೊದಲ ಕಂತನ್ನು ಅವಳ ಪಕ್ಕ ಕೂತು ನೋಡಿ, ಅರ್ಧ ಗಂಟೆಯೂ ಇಲ್ಲ. ಅದರಲ್ಲೊಬ್ಬ ಅಜ್ಜಿ ಇದ್ದಾರೆ, ಮೊಮ್ಮಗಳ ಹಾಗೆ ಸಾಕಿದ ಗಿಫ್ಟಿಯಾ ಹುಡುಗಿಯ ಅವಧಿ ಮುಗಿಯುತ್ತಾ ಬಂದಿದೆ. ಕಂಪನಿಯವರು ಬಂದಾಗಲೆಲ್ಲ ಅಜ್ಜಿ ಕೊಡಲ್ಲ ಅಂತ ವಾಪಸ್ ಕಳಿಸುತ್ತಾರೆ. ಆ ಅಜ್ಜಿ ಮಾಡಿದ್ದು ಸರಿಯಾ ತಪ್ಪಾ ಅಂತ ಅವಳನ್ನು ಕೇಳಿ, ಅವಳೂ ನಿಮ್ಮನ್ನು ಕೇಳಲಿ. ಇಬ್ಬರ ಉತ್ತರವನ್ನೂ ನನಗೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ನಿಮ್ಮ,
ಸಂಪಾದಕ