ಪರದೆಗೆ ಮೊದಲು ತಿಳಿದದ್ದು: ಒಂದು ಆಪ್ತಸಲಹೆ ಪ್ರಕರಣ

ಸಲಹೆ ಕೇಳಿ ನನ್ನಲ್ಲಿಗೆ ಬಂದಿದ್ದ ಹಡಗಿನ ಯುವ ಎಂಜಿನಿಯರ್ ಒಬ್ಬನ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಡೊಂಬಿವಲಿಯ ನನ್ನ ಸಲಹಾ ಕೊಠಡಿಗೆ ಬಂದ ಯುವಕನಿಗೆ 27 ವರ್ಷ. ಕುಂದಾಪುರದ ಕಡೆಯಿಂದ ಬಂದು ಮುಂಬೈಯ ಹೋಟೆಲುಗಳಲ್ಲಿ ದುಡಿದ ತಂದೆ, ಸಾಲ ಮಾಡಿ ಮಗನನ್ನು ಮರೈನ್ ಎಂಜಿನಿಯರಿಂಗ್ ಓದಿಸಿದ್ದರು. ಸರಕು ಹಡಗಿನಲ್ಲಿ ಫೋರ್ತ್ ಎಂಜಿನಿಯರ್ (ಕಿರಿಯ ದರ್ಜೆಯ ಎಂಜಿನಿಯರ್) ಆಗಿದ್ದ ಆತ ರಜೆಗೆ ಬಂದವನು ಮತ್ತೆ ಹಡಗು ಹತ್ತುವುದಿಲ್ಲ ಎಂದು ಹಟ ಹಿಡಿದಿದ್ದ. ಹತ್ತು ವರ್ಷಗಳಲ್ಲಿ ಎಂಜಿನ್ ರೂಮಿನಲ್ಲಿ ಮನುಷ್ಯರೇ ಬೇಕಾಗುವುದಿಲ್ಲ, ಎಲ್ಲವನ್ನೂ ಕೃತಕ ಬುದ್ಧಿಮತ್ತೆಯೇ ನೋಡಿಕೊಳ್ಳುತ್ತದೆ ಎಂಬುದು ಆತನ ವಾದವಾಗಿತ್ತು. ಆರು ವಾರಗಳಿಂದ ಸರಿಯಾಗಿ ನಿದ್ದೆ ಇರಲಿಲ್ಲ. ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯೇ ಎಂದು ಮೊದಲ ದಿನವೇ ನೇರವಾಗಿ ಕೇಳಿದೆ, ಬಂದಿರಲಿಲ್ಲ.

ಎರಡನೆಯ ಭೇಟಿಯಲ್ಲಿ ನಿಜವಾದ ನೋವು ಹೊರಬಂತು. ಸಮುದ್ರದ ನೀರಿನ ಕೂಲಿಂಗ್ ಪಂಪಿನ ಬೇರಿಂಗ್ ಹಾಳಾಗುತ್ತಿದೆ ಎಂಬುದನ್ನು ಕಂಪನದ ಸೆನ್ಸರ್‌ಗಳ ಮಾಹಿತಿಯಿಂದ ದಡದ ಕಚೇರಿಯ ತಂತ್ರಾಂಶ ಕಂಡುಹಿಡಿದು, ಚೀಫ್ ಎಂಜಿನಿಯರ್‌ಗೆ ಮೇಲ್ ಕಳುಹಿಸಿತ್ತು. ಅದೇ ಬೆಳಿಗ್ಗೆ ಯಂತ್ರಗಳನ್ನು ನೋಡಿ ಬರಲು ರೌಂಡ್ಸ್ ಹೋದಾಗ ಈತ ಆ ಪಂಪಿನ ಮೇಲೆ ಕೈಯಿಟ್ಟು ನೋಡಿದ್ದ. ಎಲ್ಲರೆದುರು ಚೀಫ್ ಪ್ರಶ್ನಿಸಿದಾಗ ಉತ್ತರ ಹೊಳೆಯಲಿಲ್ಲ. “ನನ್ನ ಕೈಗೆ ಏನೂ ಗೊತ್ತಾಗಲಿಲ್ಲ ಮೇಡಂ. ಹಾಗಿದ್ದ ಮೇಲೆ ನಾನು ಅಲ್ಲಿ ಯಾಕಿರಬೇಕು?” ಎಂದು ಕೇಳಿ, ಬಹಳ ಹೊತ್ತು ಸುಮ್ಮನಿದ್ದ.

ಆಮೇಲೆ ಆ ಬೇರಿಂಗ್ ಏನಾಯಿತು ಎಂದು ಕೇಳಿದೆ. ಹಡಗು ಹೊಯ್ದಾಡುತ್ತಿರುವಾಗಲೇ ತಾನೂ ಫಿಟ್ಟರ್ ಒಬ್ಬರೂ ಸೇರಿ ಪಂಪು ಬಿಚ್ಚಿ, ಹೊಸ ಬೇರಿಂಗ್ ಕೂರಿಸಿ, ಪಂಪನ್ನು ಮೋಟಾರಿಗೆ ಜೋಡಿಸುವ ಕಪ್ಲಿಂಗ್ ನೇರ ಮಾಡಿದ್ದನ್ನು ಆತ ವಿವರವಾಗಿ ಹೇಳಿದ. ತಿಂಗಳುಗಟ್ಟಲೆ ಮನಸ್ಸಿನಲ್ಲಿ ಮೆಲುಕು ಹಾಕಿದ ಘಟನೆಯಲ್ಲಿ ಈ ಭಾಗವನ್ನು ಆತ ಒಮ್ಮೆಯೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಕೆಲಸದ ಭಯ ಸುಳ್ಳೆಂದು ನಾನು ಸಮಾಧಾನ ಹೇಳಲಿಲ್ಲ, ಏಕೆಂದರೆ ಅದು ಸುಳ್ಳಲ್ಲ. ಜಪಾನಿನ ಕಿಂಕಾಸಾನ್ ಮಾರು ಹಡಗಿನಲ್ಲಿ 1961ರಲ್ಲೇ ಎಂಜಿನ್ನನ್ನು ದೂರದಿಂದ ನಿಯಂತ್ರಿಸುವ ವ್ಯವಸ್ಥೆ ಬಂದಿತ್ತು. ಈಗ ಎಷ್ಟೋ ಹಡಗುಗಳಲ್ಲಿ ರಾತ್ರಿ ಎಂಜಿನ್ ರೂಮಿನಲ್ಲಿ ಯಾರೂ ಇರುವುದಿಲ್ಲ. ಅಲಾರಂ ಡ್ಯೂಟಿ ಎಂಜಿನಿಯರ್‌ನ ಕ್ಯಾಬಿನ್ನಿನಲ್ಲೇ ಬಡಿದುಕೊಳ್ಳುತ್ತದೆ. ಅಂಥ ಹಡಗಿನಲ್ಲೇ ಈತನೂ ಮಲಗೆದ್ದವನು. ಮುಂದೆ ರೀಡಿಂಗ್ ಬರೆದುಕೊಳ್ಳುವ, ಕಾವಲು ಕಾಯುವ ಕಿರಿಯರ ಕೆಲಸ ಇನ್ನಷ್ಟು ಕಡಿಮೆಯಾಗಬಹುದು. ಕಲಿಯುವ ಹುಡುಗರಿಗೆ ಅದೇ ಮೊದಲ ಮೆಟ್ಟಿಲಾದ್ದರಿಂದ ಇದು ನನಗೂ ಚಿಂತೆಯ ವಿಷಯವೇ. ಆದರೆ 2024ರ ಮಾರ್ಚ್ 26ರಂದು ಅಮೆರಿಕದ ಬಾಲ್ಟಿಮೋರ್‌ನಲ್ಲಿ ಡಾಲಿ ಎಂಬ ಸರಕು ಹಡಗಿನ ವಿದ್ಯುತ್ ಹೋಗಿ, ಅದು ಸೇತುವೆಗೆ ಬಡಿದು ಆರು ಜನ ಸತ್ತ ದುರಂತದ ಮೂಲ ಹುಡುಕಿದವರಿಗೆ ಕೊನೆಗೆ ಸಿಕ್ಕಿದ್ದು ಸಡಿಲವಾಗಿದ್ದ ಒಂದು ತಂತಿ. ಅಂಥದ್ದನ್ನು ಹತ್ತಿರ ಹೋಗಿ ಮುಟ್ಟಿ ನೋಡಿ ಬಿಗಿ ಮಾಡುವ ಕೆಲಸ ಇನ್ನೂ ಮನುಷ್ಯನದ್ದೇ.

ನಾನು ಕೊಟ್ಟ ಸಲಹೆ ಹೀಗಿತ್ತು. ನಿದ್ದೆಗೆಟ್ಟ ಸ್ಥಿತಿಯಲ್ಲಿ ಕೆಲಸ ಬಿಡುವ ನಿರ್ಧಾರ ಬೇಡ. ಮೊದಲು ವೈದ್ಯರನ್ನು ಕಂಡು ನಿದ್ದೆ ಸರಿಪಡಿಸಿಕೊಳ್ಳಿ, ಹಡಗು ಹತ್ತುವ ದಿನವನ್ನು ಒಂದು ತಿಂಗಳು ಮುಂದೂಡಲು ಕೇಳಿಕೊಳ್ಳಿ. ಹಡಗಿಗೆ ಹೋದ ಮೇಲೆ ಪ್ರತಿ ರೌಂಡ್ಸ್‌ನಲ್ಲೂ ಕಂಪ್ಯೂಟರ್ ಪರದೆ ನೋಡುವುದಕ್ಕೆ ಮೊದಲು ಕಿವಿಗೆ, ಕೈಗೆ ತೋಚಿದ್ದನ್ನು ಸಣ್ಣ ಪುಸ್ತಕದಲ್ಲಿ ಬರೆದು, ಆಮೇಲೆ ಹೋಲಿಸಿ ನೋಡಿ. ಆಗ ಪರದೆ ನಿಮ್ಮ ತೀರ್ಪುಗಾರನಾಗುವ ಬದಲು ಜೊತೆಗಾರನಾಗುತ್ತದೆ. ವೃತ್ತಿಯ ಮಾತು ಬಂದಾಗ ನಾನು ಹಡಗಿನವಳಲ್ಲ ಎಂದು ಸ್ಪಷ್ಟವಾಗಿ ಹೇಳಿ, ಮೇಲಿನ ಹುದ್ದೆಗೆ ಬೇಕಾದ ಕ್ಲಾಸ್ ಟೂ ಪರೀಕ್ಷೆ, ಎಲ್‌ಎನ್‌ಜಿ (ದ್ರವೀಕೃತ ನೈಸರ್ಗಿಕ ಅನಿಲ) ಮತ್ತು ಮೆಥನಾಲ್ ಇಂಧನಗಳ ತರಬೇತಿ, ನಾವಿಕರ ತರಬೇತಿಯ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಮಾಡಿದ 2010ರ ಮನಿಲಾ ತಿದ್ದುಪಡಿಗಳಲ್ಲಿ ಮಾನ್ಯತೆ ಪಡೆದ, ಹಡಗಿನ ವಿದ್ಯುತ್ ವ್ಯವಸ್ಥೆ ನೋಡಿಕೊಳ್ಳುವ ಎಲೆಕ್ಟ್ರೋ ಟೆಕ್ನಿಕಲ್ ಆಫೀಸರ್ ಹುದ್ದೆ ಇವುಗಳ ಬಗ್ಗೆ ಹಿರಿಯ ಎಂಜಿನಿಯರ್ ಒಬ್ಬರನ್ನು ವಿಚಾರಿಸಲು ತಿಳಿಸಿದೆ.

ತಂದೆಯನ್ನೂ ಒಮ್ಮೆ ಕರೆಸಿದೆ. ಸಾಲ ಇನ್ನೆಷ್ಟು ಉಳಿದಿದೆ ಎಂಬುದನ್ನು ಅವರು ಮಗನಿಗೆ ಮೊದಲ ಬಾರಿ ಹೇಳಿದರು. ಅದು ಆತ ಅಂದುಕೊಂಡಿದ್ದಕ್ಕಿಂತ ಬಹಳ ಕಡಿಮೆಯಿತ್ತು.

ಆತ ಹಡಗು ಹತ್ತಿ ಎರಡು ತಿಂಗಳಾದ ಮೇಲೆ ಸಂದೇಶ ಕಳುಹಿಸಿದ. ಪುಸ್ತಕದ ಲೆಕ್ಕದಲ್ಲಿ ಎರಡು ಬಾರಿ ಪರದೆಗಿಂತ ಮೊದಲೇ ತನಗೆ ತಿಳಿದಿತ್ತಂತೆ, ನಾಲ್ಕು ಬಾರಿ ತಾನು ತಪ್ಪಿದ್ದನಂತೆ. ನಿದ್ದೆಯ ಬಗ್ಗೆ ಏನೂ ಬರೆದಿರಲಿಲ್ಲ. ಅದನ್ನು ಕೇಳಿ ಉತ್ತರ ಹಾಕಿದ್ದೇನೆ.