ಒಂದು ಮನೆ, ಎರಡು ಒಲೆ: ವಿಂಡೋಸ್ ಪಕ್ಕದಲ್ಲಿ ಲಿನಕ್ಸ್

ಪ್ರಶ್ನೆ: ವಿಂಡೋಸ್ 10 ಇದ್ದ ಲ್ಯಾಪ್‌ಟಾಪಿಗೆ ಪಕ್ಕದಲ್ಲೇ ಉಬುಂಟು 24.04 ಲಿನಕ್ಸ್ ಹಾಕಿದ್ದೇನೆ. ಈಗ ಉಬುಂಟುವಿನಿಂದ ವಿಂಡೋಸಿಗೆ ಹೋದಾಗ ಬೆಳಿಗ್ಗೆ ಹತ್ತು ಗಂಟೆಗೆ ಗಡಿಯಾರ ನಾಲ್ಕೂವರೆ ತೋರಿಸುತ್ತದೆ. ಮದರ್‌ಬೋರ್ಡಿನ ಸೆಲ್ ಹೋಗಿದೆಯೇ?
– ಓದುಗರು, ಶಿರಸಿ

ಉತ್ತರ: ಸೆಲ್ ಹೋಗಿದ್ದರೆ ಸಮಯದ ಜೊತೆ ತಾರೀಕೂ ಎಲ್ಲೋ ಹಿಂದಕ್ಕೆ ಹೋಗಿರುತ್ತಿತ್ತು. ನಿಮ್ಮದು ಅಳೆದಂತೆ ಐದೂವರೆ ಗಂಟೆ ತಪ್ಪುತ್ತಿದೆ. ಗ್ರೀನಿಚ್‌ಗೂ ನಮಗೂ ಇರುವ ಅಂತರ ಅಷ್ಟೇ. ಮದರ್‌ಬೋರ್ಡಿನ ಗಡಿಯಾರ ಒಂದೇ. ಅದರಲ್ಲಿ ಲಿನಕ್ಸ್ ಗ್ರೀನಿಚ್ ಸಮಯ ಬರೆದಿಡುತ್ತದೆ, ವಿಂಡೋಸ್ ಅದನ್ನೇ ಇಲ್ಲಿಯ ಸಮಯ ಎಂದು ಓದುತ್ತದೆ. ವಿಂಡೋಸಿನಲ್ಲಿ ಸರಿಪಡಿಸಿದರೆ ಉಬುಂಟುವಿನಲ್ಲಿ ಗಡಿಯಾರ ಐದೂವರೆ ಗಂಟೆ ಮುಂದಕ್ಕೆ ಹಾರಿ, ಇಂಟರ್ನೆಟ್ ಸಿಕ್ಕ ಮೇಲೆ ತಾನೇ ಸರಿಹೋಗುತ್ತದೆ.

ಉಬುಂಟುವಿನ ಟರ್ಮಿನಲ್‌ನಲ್ಲಿ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ), ಎಲ್ಲ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1 ಎಂದು ಕೊಟ್ಟರೆ ಲಿನಕ್ಸ್ ಕೂಡ ಸ್ಥಳೀಯ ಸಮಯವನ್ನೇ ಬರೆಯುತ್ತದೆ. ಮೊದಲ ಪದ ಒಂದೇ ಪದ, ನಡುವೆ ಜಾಗ ಬೇಡ. ಹೀಗೆ ಮಾಡಿದರೆ ತೊಂದರೆಯಾಗಬಹುದು ಎಂದು ಆ ಆದೇಶವೇ ಎಚ್ಚರಿಸುತ್ತದೆ. ಅದು ಮುಖ್ಯವಾಗಿ ಬೇಸಿಗೆ-ಚಳಿಗಾಲಕ್ಕೆ ಗಡಿಯಾರ ತಿರುಗಿಸುವ ದೇಶಗಳ ತಲೆನೋವು, ನಮಗಲ್ಲ. ಬೇಡವಾದರೆ 1ರ ಬದಲು 0 ಕೊಡಿ.

ಪ್ರಶ್ನೆ: ಫೋಟೊಗಳೆಲ್ಲ ಡಿ ಡ್ರೈವಿನಲ್ಲಿವೆ. ಲಿನಕ್ಸ್‌ನಲ್ಲಿ ನೋಡಲು ಬರುತ್ತದೆ, ಆದರೆ ಹೊಸದೇನನ್ನೂ ಸೇವ್ ಮಾಡಲು ಬಿಡುವುದಿಲ್ಲ, 'ರೀಡ್-ಓನ್ಲಿ' ಅನ್ನುತ್ತದೆ.
– ಓದುಗರು, ತುಮಕೂರು

ಉತ್ತರ: ನೀವು ವಿಂಡೋಸಿನಲ್ಲಿ ಶಟ್‌ಡೌನ್ ಒತ್ತಿದರೂ ಅದು ಪೂರ್ತಿ ಮಲಗಿರುವುದಿಲ್ಲ. ಮರುದಿನ ಬೇಗ ಏಳಲೆಂದು ಅರ್ಧ ಕೆಲಸವನ್ನು ಡಿಸ್ಕಿಗೆ ಬರೆದಿಟ್ಟು ಕಣ್ಣು ಮುಚ್ಚಿರುತ್ತದೆ. ಇದಕ್ಕೆ ಫಾಸ್ಟ್ ಸ್ಟಾರ್ಟಪ್ ಎಂದು ಹೆಸರು. ಆ ಸ್ಥಿತಿಯಲ್ಲಿ ಲಿನಕ್ಸ್ ಡ್ರೈವಿಗೆ ಬರೆದರೆ ಕಡತಗಳು ಕೆಡುತ್ತವೆ, ಅದಕ್ಕೇ ಓದಲು ಮಾತ್ರ ಬಿಡುತ್ತದೆ. ಲಿನಕ್ಸ್ ಮಾಡುತ್ತಿರುವುದು ಸರಿಯೇ.

ವಿಂಡೋಸಿನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಶನ್ಸ್ ತೆರೆಯಿರಿ. ಎಡಗಡೆ ಪವರ್ ಬಟನ್‌ಗಳ ಕೊಂಡಿ ಇರುತ್ತದೆ. ಅಲ್ಲಿ ಮೊದಲು 'ಚೇಂಜ್ ಸೆಟ್ಟಿಂಗ್ಸ್' ಎಂದು ಶುರುವಾಗುವ ಸಾಲನ್ನು ಒತ್ತಬೇಕು. ಒತ್ತದಿದ್ದರೆ ಕೆಳಗಿನ ಆಯ್ಕೆಗಳು ಮಂಕಾಗಿಯೇ ಇರುತ್ತವೆ. ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆದು ಸೇವ್ ಮಾಡಿ, ಒಮ್ಮೆ ಶಟ್‌ಡೌನ್ ಮಾಡಿ. ಇವತ್ತಿಗೆ ಮಾತ್ರ ಸಾಕೆಂದರೆ ವಿಂಡೋಸಿಗೆ ಹೋಗಿ ಶಟ್‌ಡೌನ್ ಬದಲು ರೀಸ್ಟಾರ್ಟ್ ಕೊಟ್ಟು ನೇರ ಲಿನಕ್ಸಿಗೆ ಬನ್ನಿ. ರೀಸ್ಟಾರ್ಟ್‌ನಲ್ಲಿ ಈ ಅರ್ಧನಿದ್ದೆ ಇಲ್ಲ. ಲಿನಕ್ಸ್ ಕಡೆಯಿಂದಲೇ ಆ ನಿದ್ದೆಯ ಕಡತವನ್ನು ಅಳಿಸುವ ದಾರಿಯೂ ಉಂಟು. ವಿಂಡೋಸಿನಲ್ಲಿ ಉಳಿಸದೆ ಬಿಟ್ಟದ್ದು ಅದರೊಂದಿಗೇ ಹೋಗುವುದರಿಂದ ಆ ಗೋಜಿಗೆ ಹೋಗಬೇಡಿ.

ಪ್ರಶ್ನೆ: ಹತ್ತು ವರ್ಷದಿಂದ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಅಭ್ಯಾಸ. ಉಬುಂಟುವಿನಲ್ಲಿ ಅದೇ ಕೀಲಿಮಣೆ ಸಿಗುವುದೇ? ಹಳೆಯ ಫೈಲುಗಳು ತೆರೆದರೆ ಬರೀ ಕಸ ಕಾಣುತ್ತದೆ.
– ಓದುಗರು, ದಾವಣಗೆರೆ

ಉತ್ತರ: ಕೀಲಿಮಣೆ ಸಿಗುತ್ತದೆ. ಐಬಸ್-ಎಂ17ಎನ್ ಎಂಬ ಪ್ಯಾಕೇಜ್ ಹಾಕಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಲಾಗ್‌ಔಟ್ ಆಗದೆ ಹುಡುಕಿದರೆ ಪಟ್ಟಿಯಲ್ಲಿ ಅದು ಕಾಣುವುದಿಲ್ಲ, ಹೆಚ್ಚಿನವರು ಎಡವುವುದು ಇಲ್ಲೇ. ಸೆಟ್ಟಿಂಗ್ಸ್‌ನ ಕೀಬೋರ್ಡ್ ಪುಟದಲ್ಲಿ ಕನ್ನಡ ಆರಿಸಿ 'ಕೆಜಿಪಿ' ಸೇರಿಸಿ. ಕನ್ನಡ ಗಣಕ ಪರಿಷತ್ತಿನ (ಕಗಪ) ಹೆಸರು ಹೊತ್ತ ವಿನ್ಯಾಸ ಅದು. ಕಗಪ ಹೆಸರಿನ ಎರಡು ಕಂಡರೆ ಎಂ17ಎನ್ ಎಂದು ಬರೆದಿರುವುದನ್ನೇ ಹಿಡಿಯಿರಿ. ವಿಂಡೋಸ್ ಚಿಹ್ನೆಯ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ. ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿ ನೋಡಿ. 'ಕನ್ನಡ' ಬಂದರೆ ಎಲ್ಲ ಸರಿ.

ಹಳೆಯ ಫೈಲುಗಳದ್ದು ಬೇರೆ ಕಥೆ. ಅವು ಯುನಿಕೋಡ್ ಅಲ್ಲ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಜಾಗವಿರುವ ಪದ್ಧತಿಯಲ್ಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟ್ ಅವುಗಳ ಆಧಾರ. ಫಾಂಟ್ ಇಲ್ಲದಿದ್ದರೆ ವೇಷ ಕಳಚುತ್ತದೆ: 'ಕನ್ನಡ' ಎಂಬಲ್ಲಿ ಪಿ, ತಲೆಯ ಮೇಲೆ ಓರೆಗೆರೆಯ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಒತ್ತಿನ ಬದಲು ಜರ್ಮನ್ನರ ಜೋಡಿ ಎಸ್ ಹೀಗೆ ಕಾಣುತ್ತದೆ. ಓದಿದರೆ ಸಾಕೆಂದರೆ ಆ ನುಡಿ ಫಾಂಟನ್ನು ವಿಂಡೋಸಿನಿಂದ ನಕಲಿಸಿ, ಅದರ ಮೇಲೆ ಎರಡು ಸಲ ಕ್ಲಿಕ್ಕಿಸಿ ಇನ್‌ಸ್ಟಾಲ್ ಕೊಡಿ.

ಮುಂದೆ ತಿದ್ದಬೇಕು, ಹುಡುಕಬೇಕು, ಇನ್ನೊಬ್ಬರಿಗೆ ಕಳಿಸಬೇಕು ಎಂದಾದರೆ ಆಸ್ಕಿಯಿಂದ (ಈ ಹಳೆಯ ಫಾಂಟ್ ಪದ್ಧತಿಗೆ ರೂಢಿಯ ಹೆಸರು) ಯುನಿಕೋಡಿಗೆ ಬದಲಿಸುವ ಪರಿವರ್ತಕ ಬಳಸಲೇಬೇಕು. ಆಮೇಲೆ ಎರಡು ಕಡೆ ಕಣ್ಣಾಡಿಸಿ. ಒಂದು, ಅರ್ಕಾವತ್ತು. ಹಳೆಯ ಫೈಲಿನಲ್ಲಿ ಅದು ಅಕ್ಷರದ ನಂತರ ಇರುತ್ತದೆ, ಯುನಿಕೋಡಿನಲ್ಲಿ 'ರ್' ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸಿದೆಯೇ ಎಂದು 'ಕರ್ನಾಟಕ', 'ಸೂರ್ಯ' ಇರುವ ಸಾಲುಗಳಲ್ಲಿ ನೋಡಿ. ಇನ್ನೊಂದು, ನಡುವೆ ಇದ್ದ ಇಂಗ್ಲಿಷ್ ಪದಗಳು. ಅವೂ ಕನ್ನಡವೆಂದೇ ಭಾವಿಸಲ್ಪಟ್ಟು ಅರ್ಥವಿಲ್ಲದ ಅಕ್ಷರಗಳಾಗಿರುತ್ತವೆ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ.

ಪ್ರಶ್ನೆ: ಇನ್‌ಸ್ಟಾಲ್ ಆದ ಮೇಲೆ ವೈಫೈ ಸುಳಿವೇ ಇಲ್ಲ. ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ಡ್ರೈವರ್ ಬೇಕು!
– ಓದುಗರು, ಪುತ್ತೂರು

ಉತ್ತರ: ಫೋನನ್ನು ಚಾರ್ಜರ್ ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಫೋನಿನ ಹಾಟ್‌ಸ್ಪಾಟ್ ಪುಟದಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ತಂತಿ ಸಂಪರ್ಕವೆಂದೇ ತಿಳಿಯುತ್ತದೆ. ನಂತರ 'ಅಡಿಶನಲ್ ಡ್ರೈವರ್ಸ್' ತೆರೆದು ತೋರಿಸಿದ್ದನ್ನು ಹಾಕಿ ರೀಸ್ಟಾರ್ಟ್ ಮಾಡಿ. ಟೆದರಿಂಗ್ ಆಯ್ಕೆ ಮಂಕಾಗಿದ್ದರೆ ಕೇಬಲ್ ಬದಲಿಸಿ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಚಾರ್ಜಿಂಗ್ ತಂತಿ ಮಾತ್ರ ಇರುತ್ತದೆ.