ಎಲ್ ಚಾಪೊ ಸಿಕ್ಕಿದ್ದು 2014ರಲ್ಲಾ, 2016ರಲ್ಲಾ?

ಬಹುಶಃ ನೀವು ಮೆಕ್ಸಿಕೊದ ಮಾದಕವಸ್ತು ದೊರೆ ಎಲ್ ಚಾಪೊನ ಎರಡು ಬಂಧನಗಳನ್ನು ಒಂದೇ ಅಂದುಕೊಂಡಿದ್ದೀರಿ, ಅದಕ್ಕೇ ಪುಣೆ ಕನ್ನಡ ಗೋಡೆಪತ್ರಿಕೆಯ ನಿಮ್ಮ ಲೇಖನದಲ್ಲಿ ವರ್ಷ ತಾಳೆಯಾಗ್ತಿಲ್ಲ. ನಮ್ಮ ಮುಂಬಯಿ ಕ್ವಿಜ್‌ನಲ್ಲೂ ಇದೇ ಗೊಂದಲ ಬಂದಿತ್ತು. ಕಾರಣ ಅವನು ತಪ್ಪಿಸಿಕೊಳ್ಳಲು ಬಳಸಿದ ಮೂರು ಸುರಂಗಗಳು.

ಮೊದಲು ಅವನ್ನು ಬೇರೆ ಮಾಡಿ. ಸ್ನಾನದ ತೊಟ್ಟಿಯ ಕೆಳಗಿನದು ಮೆಕ್ಸಿಕೊದ ಕುಲಿಯಾಕಾನ್ ನಗರದ ಮನೆಯದು. ಅಲ್ಲಿಂದ ತಪ್ಪಿಸಿಕೊಂಡವನು ಕೆಲವೇ ದಿನಗಳಲ್ಲಿ, 2014ರ ಫೆಬ್ರವರಿ 22ರಂದು, ಮಸಾಟ್ಲಾನ್‌ನಲ್ಲಿ ಸಿಕ್ಕಿದ. ಜೈಲಿನ ಶವರ್ ಕೆಳಗಿನ ಸುಮಾರು ಒಂದೂವರೆ ಕಿಲೋಮೀಟರ್ ಸುರಂಗ 2015ರ ಜುಲೈನದು, ಅದರ ಮೂಲಕ ಅವನು ಜೈಲಿನಿಂದ ಪರಾರಿಯಾದ. ಕನ್ನಡಿಯ ಹಿಂದಿನದು ಲೋಸ್ ಮೋಚಿಸ್ ಊರಿನ ಮನೆಯದು. ಅದರ ಮೂಲಕ ಚರಂಡಿಗಿಳಿದು, ಹೊರಬಂದು, ಕಾರು ಕದ್ದು ಓಡುವಾಗ 2016ರ ಜನವರಿ 8ರಂದು ಹಿಡಿದರು.

ಆಮೇಲೆ 2017ರಲ್ಲಿ ಅಮೆರಿಕಕ್ಕೆ ಒಪ್ಪಿಸಿದ್ದನ್ನು ಸೇರಿಸಿ. 1993ರ ಗ್ವಾಟೆಮಾಲ ಬಂಧನಕ್ಕೆ ಒಂದು ಸಾಲು ಸಾಕು. ತಲೆಬರಹದಲ್ಲಿ ‘ಕೊನೆಯ ಬಂಧನ’ ಅಂತಿದ್ದರೆ 2016 ಅಂತಲೇ ಹಾಕಿ.